ನಿದ್ದೆಯ ಲೆಕ್ಕ ಯಾರಿಗೆ?

ಗಾಢ ನಿದ್ದೆಯಲ್ಲಿ ಏನು ಉಳಿದಿರುತ್ತದೆ? ಶಂಕರರ ನಂತರದ ವ್ಯಾಖ್ಯಾನಕಾರರು ಅವಿದ್ಯೆಯ ಬೀಜ ಉಳಿದಿರುತ್ತದೆ ಎಂದರು. ಅದು ಶಂಕರರ ಮಾತೇ ಅಲ್ಲವೆಂದು 1929ರಲ್ಲಿ ‘ಮೂಲಾವಿದ್ಯಾನಿರಾಸ’ ಬರೆದು ಪಂಡಿತರನ್ನು ಎದುರು ಹಾಕಿಕೊಂಡವರು ವೈ. ಸುಬ್ರಹ್ಮಣ್ಯಶರ್ಮರು. ಮುಂದೆ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳಾಗಿ, 1975ರಲ್ಲಿ ತೀರಿಕೊಳ್ಳುವವರೆಗೂ ಅವರು ಇದೇ ವಾದಕ್ಕೆ ನಿಂತರು. ಅವರ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಇರುವುದು ಹೊಳೆನರಸೀಪುರದಲ್ಲಿ.

ಅವರ ಕಾಲಕ್ಕಿಲ್ಲದ ಸಾಕ್ಷಿಯೊಂದು ಈಗ ತೋಳಿಗೆ ಅಂಟಿಕೊಂಡಿದೆ. ಶುಗರ್ ಸೆನ್ಸರ್‌ನ ಸಪೂರ ಎಳೆ ಚರ್ಮದಡಿ ಸುಮಾರು 5 ಮಿಲಿಮೀಟರ್ ಇಳಿದು, ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು ಮುಟ್ಟಿ ಸಕ್ಕರೆಯನ್ನು ಅಳೆಯುತ್ತದೆ. ಸಂಶೋಧಕರು ಇನ್ನೊಂದು ಹೆಜ್ಜೆ ಮುಂದಿದ್ದಾರೆ: ಒಂದು ಮಿಲಿಮೀಟರಿಗಿಂತ ಗಿಡ್ಡದಾದ ಟೊಳ್ಳು ಸೂಜಿಗಳಿಂದ ಬಂದ ದ್ರವವನ್ನು ಮೈಕ್ರೋಫ್ಲುಯಿಡಿಕ್ ಎನ್ನುವ ಅತಿ ಸಪೂರ ಕಾಲುವೆಗಳು, ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವಂತೆ, ಪಂಪಿಲ್ಲದೆ ಒಯ್ಯುತ್ತವೆ.

ಅರಕಲಗೂಡಿನಲ್ಲೋ ಚನ್ನರಾಯಪಟ್ಟಣದಲ್ಲೋ ಒಬ್ಬರು ಸೆನ್ಸರ್ ಹಾಕಿಕೊಂಡು ಮಲಗಿದರು ಎನ್ನೋಣ. ಎದ್ದವರು ಹೇಳುವುದು ಒಂದೇ: ‘ಒಳ್ಳೇ ನಿದ್ದೆ, ಏನೂ ಗೊತ್ತಾಗಲಿಲ್ಲ.’ ಮೊಬೈಲ್ ಮಾತ್ರ ಇಡೀ ರಾತ್ರಿಯ ಏರಿಳಿತದ ಗೆರೆ ತೋರಿಸುತ್ತದೆ. ಹಾಗಾದರೆ ನಿದ್ದೆಯಲ್ಲಿ ದೇಹವೂ ಜಗತ್ತೂ ಇದ್ದವು, ನಿದ್ದೆಯಲ್ಲಿ ಅವು ಇಲ್ಲವೆನ್ನುವ ವೇದಾಂತ ಸೋತಿತು ಎನ್ನಬಹುದೇ?

ಅಷ್ಟು ಸುಲಭವಿಲ್ಲ. ಗೆರೆ ಓದುತ್ತಿರುವವರು ಎಚ್ಚರದಲ್ಲಿದ್ದಾರೆ. ರಾತ್ರಿ ಎರಡು ಗಂಟೆಯ ಅಂಕಿಯೂ ಅವರಿಗೆ ಸಿಕ್ಕಿದ್ದು ಎಚ್ಚರದಲ್ಲೇ. ಎಚ್ಚರದ ಅಳತೆಗೋಲಿನಿಂದ ನಿದ್ದೆಯನ್ನು ಅಳೆಯಬಾರದು, ಎಚ್ಚರ, ಕನಸು, ನಿದ್ದೆ ಮೂರನ್ನೂ ಸಮನಾಗಿಟ್ಟು ವಿಚಾರ ಮಾಡಬೇಕು ಎಂಬುದೇ ಸ್ವಾಮಿಗಳ ಪಟ್ಟು. ಸೆನ್ಸರ್ ಅದನ್ನು ಅಲ್ಲಾಡಿಸುವುದಿಲ್ಲ. ಎದುರು ಪಕ್ಷದವರಿಗೂ ಅದರಿಂದ ಲಾಭವಿಲ್ಲ: ಅದು ಅಳೆದದ್ದು ಗ್ಲೂಕೋಸನ್ನು, ಅವಿದ್ಯೆಯನ್ನಲ್ಲ.

ತಮಾಷೆಯೆಂದರೆ, ನಿದ್ದೆಯಲ್ಲಿ ಸೆನ್ಸರ್ ತಪ್ಪು ಹೇಳುವುದೂ ಉಂಟು. ಅದೇ ತೋಳಿನ ಮೇಲೆ ಒರಗಿ ಮಲಗಿದರೆ ಒತ್ತಡಕ್ಕೆ ದ್ರವದ ಓಡಾಟ ತಗ್ಗಿ, ಇಲ್ಲದ ‘ಲೋ ಶುಗರ್’ ಕಾಣಿಸಿಕೊಳ್ಳಬಹುದು. ಸಕ್ಕರೆ ಬೇಗ ಬೇಗ ಬದಲಾಗುವಾಗ ಈ ದ್ರವ ರಕ್ತಕ್ಕಿಂತ ಕೆಲವು ನಿಮಿಷ ಹಿಂದೆಯೂ ಬೀಳುತ್ತದೆ.

ಆದರೆ ತತ್ತ್ವ ಗೆದ್ದಿತೆಂದು ಮಾತ್ರೆ ಬಿಡುವವರಿಗೆ ಶಂಕರರ ಬೆಂಬಲವಿಲ್ಲ. ಪ್ರತಿ ಪ್ರಮಾಣಕ್ಕೂ, ಎಂದರೆ ಅರಿವಿನ ಸಾಧನಕ್ಕೂ, ಅದರದೇ ವಿಷಯವುಂಟು, ವ್ಯವಹಾರದಲ್ಲಿ ಅದು ನಡೆದೇ ನಡೆಯುತ್ತದೆ ಎಂದು ಅದ್ವೈತ ಒಪ್ಪುತ್ತದೆ. ನಡುರಾತ್ರಿ ಸೆನ್ಸರಿನ ‘ಲೋ ಶುಗರ್’ ಅಲಾರಂ ಹೊಡೆದಾಗ ಮೈ ನಡುಗುತ್ತಿದ್ದರೆ, ಬೆವರುತ್ತಿದ್ದರೆ ಮೊದಲು ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ಏನೂ ಆಗದಿದ್ದರೆ ಮಗ್ಗುಲು ಬದಲಿಸಿ, ಬೆರಳು ಚುಚ್ಚಿ ರಕ್ತದಲ್ಲೇ ನೋಡಿಕೊಳ್ಳಿ.