ಹೆಸರು ದೊಡ್ಡದೋ, ತಿಳಿವು ದೊಡ್ಡದೋ?

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಬಸವೇಶ್ವರನಗರದ ಮನೆಮನೆಯಲ್ಲೂ ಪದಗಳ ಪಾರಾಯಣ. ಆರನೆಯ, ಏಳನೆಯ ತರಗತಿಯ ಮಕ್ಕಳು ಗಣಿತದ ‘ನ್ಯೂಮರೇಟರ್, ಡಿನಾಮಿನೇಟರ್, ರೇಡಿಯಸ್’ಗಳನ್ನೂ ಇಂಗ್ಲಿಷ್ ಪಾಠದ ‘ಸಿಮಿಲಿ, ಮೆಟಫರ್’ಗಳನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದ ತಾಯಂದಿರು ‘ಅದೆಲ್ಲ ನನಗೆ ಗೊತ್ತಾಗಲ್ಲಮ್ಮ, ಟ್ಯೂಷನ್ ಮಿಸ್ಸನ್ನೇ ಕೇಳು’ ಎಂದು ಅಡುಗೆಮನೆಗೆ ಸರಿದುಬಿಡುತ್ತಾರೆ. ಆ ಮಾತು ನನ್ನನ್ನು ಕಾಡುತ್ತದೆ. ಹೆಸರು ಗೊತ್ತಿಲ್ಲದವಳಿಗೆ ವಿಷಯವೂ ಗೊತ್ತಿಲ್ಲವೆಂದು ತೀರ್ಮಾನಿಸುವುದು ನ್ಯಾಯವೆ?

ವಿಜಯನಗರದ ಮಾರುಕಟ್ಟೆಯ ಹೂವಿನವಳನ್ನೇ ನೋಡಿ. ಮುಕ್ಕಾಲು ಮಾರು ಕೇಳಿದರೆ ತಡವರಿಸದೆ ಮೂರು ಮೊಳ ಅಳೆದು ಕೊಡುತ್ತಾಳೆ. ನಾಲ್ಕು ಮೊಳಕ್ಕೆ ಒಂದು ಮಾರು ಎಂಬುದು ಅವಳ ಕೈಗೇ ಗೊತ್ತು. ‘ಮುಕ್ಕಾಲು’ ಎಂಬ ಮಾತಿನಲ್ಲೇ ಭಿನ್ನರಾಶಿಯ ಪಾಠ ಅಡಗಿದೆ: ತುಂಡು ಎಂಥದೆಂದು ‘ಕಾಲು’ ಹೇಳುತ್ತದೆ, ಅಂಥವು ಎಷ್ಟೆಂದು ‘ಮೂರು’ ಹೇಳುತ್ತದೆ. ನಾವು ಶಾಲೆಯಲ್ಲಿ ಕಲಿತ ‘ಛೇದ’ ಎಂದರೆ ಕತ್ತರಿಸುವುದು, ‘ಅಂಶ’ ಎಂದರೆ ಪಾಲು. ಹೋಳಿಗೆಯನ್ನು ನಾಲ್ಕು ಮಾಡಿ ಮೂರು ಪಾಲು ಬಡಿಸಿದಂತೆ. ಲ್ಯಾಟಿನ್ ಮೂಲದ ಡಿನಾಮಿನೇಟರ್ ಎಂದರೆ ಹೆಸರಿಡುವಂಥದು, ನ್ಯೂಮರೇಟರ್ ಎಂದರೆ ಎಣಿಸುವಂಥದು. ನಮ್ಮವರ ಕಣ್ಣು ಚಾಕುವಿನ ಮೇಲೆ, ಅವರ ಕಣ್ಣು ತುಂಡಿನ ಹೆಸರಿನ ಮೇಲೆ. ಎರಡೂ ತಿಳಿದ ಮಗುವಿಗೆ ಲಾಭವೇ.

ಹಾಗೆಂದು ನಮ್ಮ ಪದಗಳೆಲ್ಲ ಸಲೀಸಲ್ಲ. ‘ತ್ರಿಜ್ಯ’ದ ‘ಜ್ಯಾ’ ಬಿಲ್ಲಿನ ಹೆದೆಯೆಂದು ತಿಳಿದರೂ ವೃತ್ತಕ್ಕೆ ಮೂರು ಹೆದೆ ಏಕೆಂದು ಹೊಳೆಯದು. ‘ರೇಡಿಯಸ್’ ಮೂಲದಲ್ಲಿ ಚಕ್ರದ ಕಡ್ಡಿ. ಸೈಕಲ್ ತೋರಿಸಿದರೆ ಸಾಕು. ಆದರೆ ‘ಲೈಕ್, ಆ್ಯಸ್ ಬಂದರೆ ಸಿಮಿಲಿ’ ಎಂದು ಉರು ಹೊಡೆಯುವ ಮಗುವಿಗೆ, ಉಪಮೇಯ, ಉಪಮಾನ, ವಾಚಕ, ಸಮಾನಧರ್ಮ ಎಂದು ಬಿಡಿಸಿ ಕಲಿತ ತಾಯಿ ಹೇಳುವುದು ಎಷ್ಟೋ ಇದೆ. 9ನೆಯ ಶತಮಾನದ ‘ಕವಿರಾಜಮಾರ್ಗ’ ಅಲಂಕಾರಗಳನ್ನು ಕನ್ನಡದಲ್ಲಿ ವಿವರಿಸಿತು. 12ನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಕನ್ನಡದಲ್ಲಿ ಕಲಿತದ್ದು ಬರಿಗೈ ಅಲ್ಲ.

ಹೆಸರೇ ಬೇಡ ಎನ್ನುವವಳು ನಾನಲ್ಲ. ಹೆಸರಿಲ್ಲದಿದ್ದರೆ ತಿಳಿದದ್ದನ್ನು ನಾಲ್ಕು ಜನರ ಮುಂದೆ ಇಡಲಾಗದು, ತಿಳಿಯದ್ದನ್ನು ಕೇಳಲೂ ಆಗದು. ಹೂವಿನವಳ ಮಗಳಿಗೂ ಡಿನಾಮಿನೇಟರ್ ಬೇಕು. ಅದನ್ನು ಅವಳಿಗೆ ಕೊಡದಿರುವುದೂ ಅನ್ಯಾಯವೇ. ತಪ್ಪಾಗುವುದು ಹೆಸರಿನಿಂದಲೇ ತಿಳಿವನ್ನು ಅಳೆದಾಗ.

1994ರಲ್ಲಿ ನಮ್ಮ ಸರ್ಕಾರ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆಯೇ ಮಾಧ್ಯಮವೆಂದು ಆದೇಶಿಸಿತ್ತು. 2014ರಲ್ಲಿ ಸುಪ್ರೀಂ ಕೋರ್ಟು ಮಾಧ್ಯಮದ ಆಯ್ಕೆ ಪೋಷಕರದು ಎಂದಿತು. ಆಯ್ಕೆಯೇನೋ ಸಿಕ್ಕಿತು. ಆದರೆ ಇಂಗ್ಲಿಷ್ ಆರಿಸಿಕೊಂಡ ಮಾತ್ರಕ್ಕೆ ಮನೆಯಲ್ಲಿ ತಾಯಿ ಬಾಯಿ ಕಟ್ಟಿಕೊಳ್ಳಬೇಕೆಂದು ಯಾವ ಕೋರ್ಟೂ ಹೇಳಿಲ್ಲ. ಅವಳು ಸರಿದುಹೋದಾಗ ಮಗು ಬೇರೊಂದು ಪಾಠ ಕಲಿಯುತ್ತದೆ: ಅಮ್ಮನಿಗೆ ಏನೂ ಬರುವುದಿಲ್ಲ, ಇಂಗ್ಲಿಷ್ ಬಾರದವರಿಗೆ ಬುದ್ಧಿಯಿಲ್ಲ. ಆ ಪಾಠ ಯಾವ ಪರೀಕ್ಷೆಗೂ ಬರುವುದಿಲ್ಲ. ಆದರೆ ದೊಡ್ಡವರಾದ ಮೇಲೂ ಮರೆಯುವುದಿಲ್ಲ.

ಮಗು ಪದಗಳ ಪಟ್ಟಿ ಹಿಡಿದು ಬಂದಾಗ ‘ಅರ್ಥ ಒಪ್ಪಿಸು’ ಎನ್ನುವ ಬದಲು ‘ಇದು ಏನು ಮಾಡುತ್ತದೆ, ತೋರಿಸು’ ಎಂದು ಕನ್ನಡದಲ್ಲೇ ಕೇಳಬಹುದಲ್ಲ? ಹೋಳಿಗೆ ಮುರಿದು ತೋರಿಸಿತೋ, ಅದಕ್ಕೆ ತಿಳಿದಿದೆ ಎಂದರ್ಥ. ಇಂಗ್ಲಿಷಿನ ಹೆಸರನ್ನು ಆಮೇಲೆ ಅದೇ ನಮಗೆ ಹೇಳಿಕೊಡಲಿ. ಮಕ್ಕಳಿಂದ ಒಂದು ಪದ ಕಲಿತರೆ ತಾಯಿಯ ಮಾನವೇನೂ ಹೋಗುವುದಿಲ್ಲ.