ಹುಲಿಯ ಹಾಲು ಮತ್ತು ಸ್ವಾಮಿಯ ಪೂಂಗಾವನ



 ಇರುಮುಡಿ ಕಟ್ಟುವ ದಿನ ಹತ್ತಿರ ಬರುತ್ತಿದೆ. ಇವತ್ತು ನಮಗೆಲ್ಲ ಗೊತ್ತಿರುವ ಕಥೆಯನ್ನೇ ಇನ್ನೊಮ್ಮೆ ನೆನೆಯೋಣ.

ಪಂದಳದ ರಾಣಿಗೆ ತಲೆನೋವು. ಹುಲಿಯ ಹಾಲಿನಿಂದ ಮಾತ್ರ ವಾಸಿ ಎಂದು ವೈದ್ಯನ ಮಾತು. ಬಾಲಕ ಮಣಿಕಂಠ ಕಾಡಿಗೆ ಹೋಗಿ, ಹುಲಿಯ ಬೆನ್ನೇರಿ, ಹುಲಿಗಳ ಹಿಂಡಿನ ಜೊತೆ ಅರಮನೆಗೆ ಮರಳುತ್ತಾನೆ. ಇದನ್ನು ಭಜನೆಯಲ್ಲಿ ಹಾಡಿ ಮೈಮರೆಯುತ್ತೇವೆ. ಆದರೆ ಗಮನಿಸಿ: ಸ್ವಾಮಿ ಹುಲಿಯನ್ನು ಕೊಂದು ಚರ್ಮ ತರಲಿಲ್ಲ, ಹಗ್ಗ ಕಟ್ಟಿ ಎಳೆದು ತರಲಿಲ್ಲ. ಹಾಲಿರುವ ಹುಲಿ ಎಂದರೆ ಮರಿ ಹಾಕಿದ ತಾಯಿ. ಆ ತಾಯಿ ಮರಿಗಳನ್ನು ಸಾಕಬೇಕಾದರೆ ಕಾಡಿನಲ್ಲಿ ಕಡವೆ, ಕಾಡುಹಂದಿ ಇರಬೇಕು. ಕಡವೆಗೆ ಹುಲ್ಲು, ಚಿಗುರು ಬೇಕು. ಹುಲ್ಲಿಗೆ ಬತ್ತದ ತೊರೆ ಬೇಕು. ತೊರೆ ಬತ್ತದಿರಲು ಬೆಟ್ಟದ ಮೇಲೆ ಮರವಿರಬೇಕು. ಆ ಮರಗಳ ಬೀಜವನ್ನು ದೂರ ದೂರ ಒಯ್ದು ಬಿತ್ತಲು ಮಂಗಟ್ಟೆ ಹಕ್ಕಿ ಬೇಕು. ಅದು ಹಣ್ಣು ನುಂಗಿ, ಹಾರಿಹೋಗಿ, ಬೇರೆಡೆ ಬೀಜ ಉಗುಳುತ್ತದೆ. ಒಂದು ಬಟ್ಟಲು ಹುಲಿಯ ಹಾಲಿನ ಹಿಂದೆ ಇಡೀ ಕಾಡು ನಿಂತಿದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಹಾಲಿಲ್ಲ.

ಇದು ಬರೀ ಕಥೆಯ ಕಾಡಲ್ಲ. ಇಂದಿಗೂ ಸನ್ನಿಧಾನ ಇರುವುದು ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದ ಒಳಗೆ. 1978ರಲ್ಲಿ ಇದನ್ನು ಹುಲಿಗಳಿಗಾಗಿ ಮೀಸಲಿಟ್ಟರು. ಈಗ ಅದರ ವಿಸ್ತೀರ್ಣ ಸುಮಾರು 925 ಚದರ ಕಿಲೋಮೀಟರ್. ಆನೆ, ಕಾಡುಕೋಣ, ಕಡವೆ, ಸಿಂಗಳೀಕ ಎಲ್ಲವೂ ಅಲ್ಲಿವೆ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದಲ್ಲಿ ಪೆರಿಯಾರ್ ಕೂಡ ಒಂದು ಭಾಗ. ನಮ್ಮ ಹಿರಿಯರು ಯಾವ ಪಟ್ಟಿಯೂ ಇಲ್ಲದ ಕಾಲದಲ್ಲೇ ಇದನ್ನು ಪೂಂಗಾವನ, ಸ್ವಾಮಿಯ ಹೂದೋಟ ಎಂದು ಕರೆದರು. ಹದಿನೆಂಟು ಮೆಟ್ಟಿಲು ಮುಟ್ಟುವ ಮೊದಲೇ ನಾವು ಆತನ ಮನೆಯ ಅಂಗಳದಲ್ಲಿರುತ್ತೇವೆ.

ಆ ಅಂಗಳದಲ್ಲಿ ನಾವು ಬಿಟ್ಟುಬರುವುದೇನು? ಅವಲು, ಬೆಲ್ಲ, ಉಪ್ಪಿನ ಅಂಶ ಅಂಟಿದ ಪ್ಲಾಸ್ಟಿಕ್ ಚೀಲ. ಕಡವೆಗೆ ಅದು ಪ್ಲಾಸ್ಟಿಕ್ ಎಂದು ಗೊತ್ತಾಗುವುದಿಲ್ಲ, ಉಪ್ಪಿನ ರುಚಿ ಗೊತ್ತಾಗುತ್ತದೆ. ನುಂಗಿದ ಚೀಲ ಕರಗುವುದಿಲ್ಲ, ಹೊರಗೂ ಹೋಗುವುದಿಲ್ಲ. ಹೊಟ್ಟೆ ತುಂಬಿದಂತೆ ಅನ್ನಿಸಿ ಮೇವು ಬಿಡುತ್ತದೆ. ಹುಲ್ಲಿನ ನಡುವೆಯೇ ಹಸಿವಿನಿಂದ ಸಾಯುತ್ತದೆ. ಮಾಲೆ ಹಾಕಿದ ದಿನದಿಂದ ಎದುರಿಗೆ ಬಂದವರನ್ನೆಲ್ಲ "ಸ್ವಾಮಿ" ಎನ್ನುತ್ತೇವಲ್ಲ, ಆ ಕಡವೆ ಯಾರು ಹಾಗಾದರೆ?

ಪಂಪೆಯದೂ ಇದೇ ಮಾತು. 176 ಕಿಲೋಮೀಟರ್ ಹರಿದು ವೇಂಬನಾಡ್ ಕಾಯಲು ಸೇರುವ ಈ ನದಿಯನ್ನು ನಂಬಿ ಕೆಳಗೆ ಎಷ್ಟೋ ಊರುಗಳು ಬದುಕುತ್ತವೆ. ಸ್ನಾನ ಮಾಡಿ ಉಟ್ಟ ಬಟ್ಟೆ ನೀರಿಗೆ ಬಿಡುವುದು ಆಚಾರವಲ್ಲ. ಕೇರಳ ಹೈಕೋರ್ಟ್ ಅದನ್ನು ನಿಷೇಧಿಸಿದೆ. ಪಾಪ ಕಳೆಯಲು ಹೋದವರು ಹೊಸ ಪಾಪ ಹೊತ್ತು ಬರಬಾರದು.

ಒಬ್ಬ ಕನ್ನಿ ಸ್ವಾಮಿ ನನ್ನನ್ನು ಕೇಳಿದ: "ಸ್ವಾಮಿ, ನನ್ನ ಒಂದು ಪ್ಯಾಕೆಟ್‌ನಿಂದ ಏನಾಗುತ್ತದೆ?" ಒಳ್ಳೆಯ ಪ್ರಶ್ನೆ. ಜನ ಹೆಚ್ಚಿದ ದಿನ 80 ಸಾವಿರಕ್ಕೂ ಹೆಚ್ಚು ಜನ ಮಲೆ ಏರುತ್ತಾರೆ. ಎಲ್ಲರೂ "ನನ್ನದು ಒಂದೇ" ಎಂದರೆ ಲೆಕ್ಕ ನೀನೇ ಹಾಕು ಎಂದೆ. ಇನ್ನೊಂದು ಮಾತೂ ಹೇಳಿದೆ: ನಿನ್ನ ಒಂದು ಶರಣು ಸ್ವಾಮಿಗೆ ಕೇಳುತ್ತದೆ ಎಂದು ನಂಬಿದ್ದೀಯ. ನಿನ್ನ ಒಂದು ಪ್ಯಾಕೆಟ್ ಮಾತ್ರ ಕಾಣುವುದಿಲ್ಲವೇ?

ಎರುಮೇಲಿಯಿಂದ ಅಳುದಾ, ಕರಿಮಲೆ ದಾಟುವ ದೊಡ್ಡ ಪಾದದಲ್ಲಿ ನಿಗದಿತ ಹೊತ್ತಿನ ನಂತರ ಅರಣ್ಯದವರು ಮುಂದೆ ಬಿಡುವುದಿಲ್ಲ. ಇದಕ್ಕೆ ಬೇಸರಪಡುವ ಸ್ವಾಮಿಗಳೂ ಇದ್ದಾರೆ. ನಾನು ಹೇಳುವುದಿಷ್ಟೇ: ರಾತ್ರಿ ಹರಿವರಾಸನಂ ಆದ ಮೇಲೆ ನಡೆ ಮುಚ್ಚಿದರೆ ಯಾರೂ ಜಗಳವಾಡುವುದಿಲ್ಲ, ಸ್ವಾಮಿಗೆ ವಿಶ್ರಾಂತಿ ಎಂದು ಕೈಮುಗಿಯುತ್ತೇವೆ. ಕಾಡಿಗೂ ನಡೆ ಮುಚ್ಚುವ ಹೊತ್ತಿದೆ. ಅದು ಆನೆ ನೀರಿಗೆ ಇಳಿಯುವ ಹೊತ್ತು.

ಆದ್ದರಿಂದ ಈ ಮಂಡಲಕ್ಕೆ ವ್ರತದ ಜೊತೆ ನಾಲ್ಕು ನಿಯಮ ಸೇರಿಸಿಕೊಳ್ಳಿ:

1. ಇರುಮುಡಿಯಲ್ಲಿ ಪ್ಲಾಸ್ಟಿಕ್ ಬೇಡ. ಅಕ್ಕಿ, ಬೆಲ್ಲಕ್ಕೆ ಬಟ್ಟೆಯ ಚೀಲ. ಅರಿಶಿನ, ಕುಂಕುಮಕ್ಕೆ ಕಾಗದದ ಪೊಟ್ಟಣ. ನೀರಿಗೆ ಸ್ಟೀಲ್ ಬಾಟಲಿ.
2. ಪಂಪೆಯಲ್ಲಿ ಸೋಪು, ಶಾಂಪೂ, ಎಣ್ಣೆ ಬೇಡ. ಬಟ್ಟೆ ವಾಪಸ್ ತನ್ನಿ.
3. ಕಾಡಿನಲ್ಲಿ ಶರಣು ಬಾಯಿಂದ ಬರಲಿ, ಸ್ಪೀಕರ್‌ನಿಂದ ಬೇಡ. ಕೋತಿ, ಕಡವೆಗೆ ತಿಂಡಿ ಹಾಕಬೇಡಿ.
4. 2011ರಲ್ಲಿ ಶುರುವಾದ "ಪುಣ್ಯಂ ಪೂಂಗಾವನಂ" ಸೇವೆಯ ಮಾದರಿಯಲ್ಲಿ ಸ್ವಚ್ಛತೆಯ ಕೆಲಸಕ್ಕೆ ಸ್ವಲ್ಪ ಹೊತ್ತು ಕೈಜೋಡಿಸಿ.

ಸನ್ನಿಧಾನದಲ್ಲಿ ನಮ್ಮನ್ನು ಎದುರುಗೊಳ್ಳುವ ವಾಕ್ಯ "ತತ್ತ್ವಮಸಿ". ಅದೇ ನೀನು. ಅದು ಮನುಷ್ಯನಿಗೆ ಮಾತ್ರ ಹೇಳಿದ್ದು ಎಂದು ಯಾರೂ ಬರೆದಿಟ್ಟಿಲ್ಲ. ನಮ್ಮ ಸ್ವಾಮಿಯ ವಾಹನ ಹುಲಿ. ಹುಲಿಯಿಲ್ಲದ ಕಾಡಿನಲ್ಲಿ ಆತನನ್ನು ಒಂಟಿಯಾಗಿ ಕೂರಿಸುವ ಪೀಳಿಗೆ ನಮ್ಮದಾಗದಿರಲಿ.

ಎಲ್ಲರ ಯಾತ್ರೆ ಸುಖಕರವಾಗಲಿ. ಸ್ವಾಮಿ ಶರಣಂ!