ಗುಡುಗುಡಿಯ ಹೊಗೆ

ಸೂರತ್ತಿನ ಪಾಂಡೇಸರಾದಲ್ಲಿ ಸೀರೆಗೆ ಬಣ್ಣ ಹಾಕುವ, ಪ್ರಿಂಟ್ ಹೊಡೆಯುವ ಮಿಲ್ಲುಗಳೇ ಸಾಲುಸಾಲು. ಒಂದು ರಾತ್ರಿ ಖೋಲಿಯಲ್ಲಿ ಶಿಶುನಾಳ ಶರೀಫರ ಗುಡುಗುಡಿ ಪದ ಹಾಕಿದ್ದೆ. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಗಿಟಾರ್ ಹಿಡಿದು ಹಾಡಿದ್ದು. ಪಕ್ಕದ ಹಾಸಿಗೆಯ ಒಡಿಶಾದ ಗೆಳೆಯ ಕೇಳಿದ, "ಏನಂತೆ ಅರ್ಥ?"

"ಹುಕ್ಕಾ ಸೇದು ಅಂತ" ಅಂದೆ. ನಕ್ಕ. "ಅಲ್ಲಪ್ಪಾ, ಒಳಗೆ ಬೇರೆ ಇದೆ. ಮನಸ್ಸೇ ಸಂಚಿ, ಬುದ್ಧಿಯೇ ಬೆಂಕಿ. ಸುಡಬೇಕಾದ್ದು ಮೋಹ" ಅಂತ ಬಿಡಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ, "ನನಗೆ ನಮ್ಮ ಬಾಯ್ಲರಿನ ಹೊಗೆ ಕಂಡಿತು. ಯಾರೋ ನಮ್ಮನ್ನೇ ಸೇದುತ್ತಿದ್ದಾರೆ."

ತಪ್ಪು ಅನ್ನಲೇ? 1889ರಲ್ಲಿ ತೀರಿಕೊಂಡ ಶರೀಫರು ಈ ಹೊಗೆ ಕಂಡವರಲ್ಲ. ಆದರೆ ಯಾವ ಅರ್ಥವಾದರೂ ಸರಿ ಎನ್ನಲು ಭಯ. ಬೀಟಲ್ಸ್ ತಂಡದ 1968ರ 'ಹೆಲ್ಟರ್ ಸ್ಕೆಲ್ಟರ್'ನಲ್ಲಿ ಚಾರ್ಲ್ಸ್ ಮ್ಯಾನ್ಸನ್‌ಗೆ ಜನಾಂಗಯುದ್ಧದ ಗುಪ್ತ ಸಂದೇಶ ಕೇಳಿಸಿತು. 1969ರಲ್ಲಿ ತನ್ನ ಹಿಂಬಾಲಕರಿಂದ ಕೊಲೆಗಳನ್ನು ಮಾಡಿಸಿದ. ಅಸಲಿಗೆ ಆ ಹೆಸರು ಜಾತ್ರೆಯ ಜಾರುಬಂಡೆಯೊಂದರದು!

ಇಬ್ಬರೂ ಕಂಡದ್ದು ಬರೆದವರು ಇಡದ ಅರ್ಥವನ್ನೇ. ಆದರೆ ಮ್ಯಾನ್ಸನ್ ಕೋರ್ಟಿನಲ್ಲಿ, ಹಾಡು ಬರೆದವನು ನಾನಲ್ಲವಲ್ಲ ಎಂದು ಹೊಣೆ ಜಾರಿಸಿದ. ನನ್ನ ಗೆಳೆಯ "ನನಗೆ ಕಂಡಿತು" ಅಂದ. ಕಂಡದ್ದರ ಹೊಣೆ ತಾನೇ ಹೊತ್ತ. ಒಗಟಿನ ಹಾಡಿನ ಮುಂದೆ ಕೂತವನಿಗೆ ಇಷ್ಟು ಪ್ರಾಮಾಣಿಕತೆ ಸಾಕು ಅನ್ನಿಸುತ್ತದೆ.

ನಾನು ಹೇಳಿದ ಅರ್ಥವೋ, ಊರಿನಿಂದ ಕಟ್ಟಿಕೊಂಡು ಬಂದದ್ದು. ನೀನು ಯಾವ ಮೋಹ ಸುಟ್ಟೆ ಅಂತ ಅವನು ಕೇಳಿದ್ದರೆ ನನ್ನ ಹತ್ತಿರ ಉತ್ತರವಿರಲಿಲ್ಲ. ಪುಣ್ಯಕ್ಕೆ, ಅವನ ಪಾಳಿಗೆ ಹೊತ್ತಾಗಿತ್ತು.